ರಾಯರ ಮುಖದ ಮೇಲಿನ ಸಿಡುಬಿನ ಕಲೆಗಳು

ಕೃತಕ ಬುದ್ಧಿಮತ್ತೆಯಿಂದ ತಯಾರಾದ ಕೃಷ್ಣದೇವರಾಯರ ವಿಡಿಯೊಗಳು ನಮ್ಮ ಗಂಗಾವತಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಚೆಗೆ ಎಡೆಬಿಡದೆ ಓಡಾಡುತ್ತಿವೆ. ರಾಯರು ರೆಪ್ಪೆ ಬಡಿಯುತ್ತಾರೆ, ಮೀಸೆ ನೇವರಿಸುತ್ತಾರೆ, ಹಂಪಿಯ ಬೀದಿಯಲ್ಲಿ ನಿಂತು ನಮ್ಮನ್ನೇ ನೋಡಿ ಮಾತನಾಡುತ್ತಾರೆ. ಅವರ ಕೆನ್ನೆಯಂತೂ ಸಾಬೂನಿನ ಜಾಹೀರಾತಿನಲ್ಲಿ ಕಾಣುವಷ್ಟು ನುಣುಪು. ನನ್ನ ತಕರಾರು ಇರುವುದು ಆ ಕೆನ್ನೆಯ ಬಗ್ಗೆಯೇ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ರಾಯರನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಮಧ್ಯಮ ಎತ್ತರ, ಬಿಳಿಯ ಮೈಬಣ್ಣ, ತೆಳ್ಳಗೆನ್ನುವುದಕ್ಕಿಂತ ತುಸು ಸ್ಥೂಲವೆನ್ನಬಹುದಾದ ಶರೀರ, ಮುಖದ ಮೇಲೆ ಸಿಡುಬಿನ ಗುರುತುಗಳು. ತಿರುಮಲೆಯಲ್ಲಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ಲೋಹದ ಪ್ರತಿಮೆಯಿಂದ ಎತ್ತರದ ಟೊಪ್ಪಿಗೆಯೂ ಭಕ್ತಿಯ ಭಂಗಿಯೂ ತಿಳಿಯುತ್ತವೆಯೇ ಹೊರತು ಚರ್ಮದ ಸ್ಥಿತಿ ತಿಳಿಯುವುದಿಲ್ಲ. ಅದಕ್ಕೆ ಪಾಯಸನ ಮಾತೇ ಆಧಾರ. ನಮ್ಮ ಅಣ್ಣನ ಮಗನ ಮೊಬೈಲಿನಲ್ಲಿ ಸಿಡುಬಿನ ಕಲೆಗಳನ್ನು ಸೇರಿಸುವಂತೆ ಕೇಳಿ ನೋಡಿದೆವು. ಬಂದದ್ದು ದೃಷ್ಟಿಬೊಟ್ಟಿನಂಥ ಎರಡು ಮಚ್ಚೆ. "ಕಲೆ ಇದ್ರ ಯಾರು ನೋಡ್ತಾರ ಕಾಕಾ?" ಎಂದು ಆತ ನಕ್ಕ. ತಂತ್ರಾಂಶವೂ ಹಾಗೆಯೇ ಯೋಚಿಸಿರಬೇಕು.

ಮುಖವನ್ನು ಮರಳಿ ಕಟ್ಟುವ ಕೆಲಸಕ್ಕೆ ಬೇರೆಡೆ ಗಟ್ಟಿಯಾದ ಕ್ರಮವಿದೆ. ಇಂಗ್ಲೆಂಡಿನ ಮೂರನೆಯ ರಿಚರ್ಡ್ ಅರಸನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಅಡಿಯಲ್ಲಿ ಸಿಕ್ಕಾಗ, ತಲೆಬುರುಡೆಯನ್ನು ಸ್ಕ್ಯಾನ್ ಮಾಡಿ, ಮುಖದ ಯಾವ ಭಾಗದಲ್ಲಿ ಮಾಂಸ ಎಷ್ಟು ದಪ್ಪವಿರುತ್ತದೆ ಎಂಬ ಅಳತೆಗಳ ಮೇಲೆ ಮುಖವನ್ನು ರೂಪಿಸಿದರು. ಆಮೇಲೆ ಡಿಎನ್‌ಎ ಪರೀಕ್ಷೆ ನೀಲಿ ಕಣ್ಣು, ತಿಳಿಗೂದಲಿನ ಕಡೆಗೆ ಬೆರಳು ತೋರಿಸಿದಾಗ ಆ ಪ್ರತಿಕೃತಿಯನ್ನೇ ತಿದ್ದಿದರು. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ, ಹರಪ್ಪ ನಾಗರಿಕತೆಯ ಕಾಲದ ಇಬ್ಬರ ಮುಖಗಳನ್ನೂ ತಲೆಬುರುಡೆಯ ಸ್ಕ್ಯಾನ್‌ನಿಂದ ಕಟ್ಟಿ 2019ರಲ್ಲಿ ಪ್ರಕಟಿಸಿದರು. ಅದೇ ವರ್ಷ ಫ್ಲಾರಿಡಾದ ವಸ್ತುಸಂಗ್ರಹಾಲಯವೊಂದು ತೀರಿಹೋದ ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿಯನ್ನು ಪರದೆಯ ಮೇಲೆ ಮಾತನಾಡಿಸಿತು. ಆತನ ಹಳೆಯ ಚಲನಚಿತ್ರ ತುಣುಕುಗಳು ಸಾಕಷ್ಟು ಇದ್ದುದರಿಂದ ಅದು ಸಾಧ್ಯವಾಯಿತು. ಚಿತೆಯಲ್ಲಿ ಬೂದಿಯಾದ ನಮ್ಮ ಅರಸರ ಮಟ್ಟಿಗೆ ಬುರುಡೆಯೂ ಇಲ್ಲ, ತುಣುಕೂ ಇಲ್ಲ. ಹೀಗಾಗಿ ಕ್ಯಾಲೆಂಡರ್ ಚಿತ್ರಗಳನ್ನೂ ಸಿನಿಮಾ ನಾಯಕರನ್ನೂ ಬೆರೆಸಿದ ಸರಾಸರಿ ಮುಖವೊಂದಕ್ಕೆ ನಾವು ರಾಯರ ಹೆಸರಿಟ್ಟು ಕೈಮುಗಿಯುತ್ತಿದ್ದೇವೆ.

ಅಶೋಕನ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ ಆತನ ಹೆಸರು ಕೆತ್ತಿದ ಶಿಲ್ಪವಿದೆ, ಆದರೆ ಅದು ಆತನ ಕಾಲಕ್ಕೆ ಬಹಳ ಈಚಿನದು. ಮುಖ ತಿಳಿಯದ ಆತನ ಮಾತು ಮಾತ್ರ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಬಂಡೆಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಉಳಿದಿದೆ. ಮಸ್ಕಿಯಲ್ಲೂ ಇರುವ ಈ ಕಿರು ಶಾಸನದಲ್ಲಿ ಆತ, ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಮೊದಮೊದಲು ಅಷ್ಟೇನೂ ಶ್ರಮಿಸಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಬಂದ ಮೇಲೆ ಚೆನ್ನಾಗಿ ತೊಡಗಿದೆ ಎಂಬರ್ಥದಲ್ಲಿ ಹೇಳಿಕೊಂಡಿದ್ದಾನೆ. ಚಕ್ರವರ್ತಿಯೊಬ್ಬ ತನ್ನ ಸೋಮಾರಿತನವನ್ನು ತಾನೇ ಕಲ್ಲಿಗೆ ಹಾಕಿಸಿದ್ದು ಸಣ್ಣ ಸಂಗತಿಯಲ್ಲ. ಹೀಗಿದ್ದೂ ವಿಡಿಯೊದ ಅಶೋಕ ಕಳಿಂಗದ ಹೆಣಗಳ ನಡುವೆ ನಿಂತು ಸಿನಿಮಾ ಸಂಭಾಷಣೆ ಒಪ್ಪಿಸುತ್ತಾನೆ.

ಕೊಪ್ಪಳದಲ್ಲಿ ಎಂದಾದರೂ ಇಂಥ ಪರದೆಯೊಂದನ್ನು ನಿಲ್ಲಿಸುವುದಾದರೆ, ಬಂಡೆಯ ಮೇಲಿರುವ ಸಾಲುಗಳನ್ನಷ್ಟೇ ಆತ ಪ್ರಾಕೃತದಲ್ಲಿ ಹೇಳಲಿ, ಕೆಳಗೆ ಕನ್ನಡ ಅನುವಾದ ಓಡಲಿ. ಮುಖ ತೋರಿಸದಿದ್ದರೂ ನಡೆದೀತು.