ಗವರ್ನರ್ ಮಗಳಲ್ಲ, ಟಿಲ್ಲಿ ಮಗಳು

30 ನವೆಂಬರ್ 2024, ಶನಿವಾರ

ಥ್ಯಾಂಕ್ಸ್‌ಗಿವಿಂಗ್ ಗದ್ದಲ ಮುಗಿಯಿತು. ಪಕ್ಕದ ಮನೆ ಅಜ್ಜಿಯ ಮೊಮ್ಮಕ್ಕಳೆಲ್ಲ ಊರಿಗೆ ಹೊರಟರು. ಮಧ್ಯಾಹ್ನ ಅವರ ಮನೆತನದ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸೋಣ ಅಂತ ಇಬ್ಬರೂ ಕೂತೆವು. ಅವರ ದೊಡ್ಡಪ್ಪ ಟೈಪ್ ಮಾಡಿ ಬೈಂಡ್ ಮಾಡಿಸಿದ ಪುಸ್ತಕ. ಮೊದಲ ಪುಟದಲ್ಲೇ ಹೀಗಿದೆ: ಜಾನ್ ಹೌಲ್ಯಾಂಡ್, 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದವನು. ಹೆಂಡತಿ ಎಲಿಜಬೆತ್, ಗವರ್ನರ್ ಜಾನ್ ಕಾರ್ವರ್ ಮಗಳು. (ಮೇಫ್ಲವರ್ ಅಂದರೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ತಂದ ಹಡಗು. ಅವರು ಕಟ್ಟಿದ ಊರು ಪ್ಲಿಮತ್, ಕಾರ್ವರ್ ಅದರ ಮೊದಲ ಗವರ್ನರ್.)

ಕಾರ್ವರ್ ಅಲ್ಲ, ಟಿಲ್ಲಿ ಅಂದೆ. ಅಜ್ಜಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಪ್ಲಿಮತ್‌ನಲ್ಲಿ ಕಲ್ಲಿನ ಮೇಲೇ ಕೆತ್ತಿತ್ತಂತಲ್ಲ!"

ಕೆತ್ತಿದ್ದು ಹೌದು. ಪ್ಲಿಮತ್‌ನ ಬರಿಯಲ್ ಹಿಲ್‌ನಲ್ಲಿ ಹಿಂದೆ ಇದ್ದ ಹೌಲ್ಯಾಂಡ್ ಹೆಸರಿನ ಸಮಾಧಿ ಕಲ್ಲಿನಲ್ಲಿ ಆಕೆಯನ್ನು ಕಾರ್ವರ್ ಮಗಳು ಅಂತಲೇ ಬರೆದಿತ್ತು. ಆದರೆ ಆ ಕಲ್ಲು ನಿಲ್ಲಿಸಿದ್ದು ಹೌಲ್ಯಾಂಡ್ ತೀರಿಕೊಂಡು ಒಂದೂವರೆ ಶತಮಾನ ದಾಟಿದ ಮೇಲೆ. ನಿಲ್ಲಿಸಿದವರು ಕೇಳಿದ್ದನ್ನು ಕೆತ್ತಿಸಿದರು, ಅಷ್ಟೆ. ಈಗ ಅಲ್ಲಿರುವ ಕಲ್ಲಿನಲ್ಲಿ ಜಾನ್ ಟಿಲ್ಲಿ ಮಗಳು ಎಂದೇ ಇದೆ.

ಈ ಕಥೆ ಯಾಕೆ ಹುಟ್ಟಿತು ಅಂತ ಊಹಿಸುವುದು ಕಷ್ಟವಲ್ಲ. ಹೌಲ್ಯಾಂಡ್ ಬಂದಿದ್ದೇ ಕಾರ್ವರ್ ಮನೆಯ ಆಳಾಗಿ. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕು ಸಮುದ್ರಕ್ಕೆ ಬಿದ್ದ. ನೀರಿನಲ್ಲಿ ಎಳೆದಾಡುತ್ತಿದ್ದ ಹಾಯಿಯ ಹಗ್ಗ ಕೈಗೆ ಸಿಕ್ಕಿ ಬದುಕಿಕೊಂಡ. 1621ರ ವಸಂತದಲ್ಲಿ ಕಾರ್ವರ್ ಸತ್ತರು, ಕೆಲವೇ ವಾರದಲ್ಲಿ ಅವರ ಹೆಂಡತಿಯೂ ಹೋದರು. ಅವರ ಹಿಂದೆ ಮಕ್ಕಳಿರಲಿಲ್ಲ. ಆಮೇಲೆ ಆಳಾಗಿದ್ದವನೇ ಊರಿನ ಮುಖ್ಯಸ್ಥರಲ್ಲಿ ಒಬ್ಬನಾದ. ಮುಂದಿನ ತಲೆಮಾರಿನವರು ಇದನ್ನೆಲ್ಲ ಕೂಡಿಸಿ, ಯಜಮಾನರ ಮಗಳನ್ನೇ ಮದುವೆಯಾಗಿರಬೇಕು ಅಂದುಕೊಂಡರು. ಕೇಳಲಿಕ್ಕೂ ಚೆನ್ನಾಗಿದೆ. ವಂಶದಲ್ಲೊಬ್ಬ ಗವರ್ನರ್ ಇದ್ದರೆ ಯಾರಿಗೆ ಬೇಡ?

ನಿಜ ಇದ್ದದ್ದು ವಿಲಿಯಂ ಬ್ರಾಡ್‌ಫರ್ಡ್ ಕೈಬರಹದಲ್ಲಿ. ಕಾರ್ವರ್ ನಂತರ ಗವರ್ನರ್ ಆದವರು ಅವರು. ಹಡಗಿನಲ್ಲಿ ಬಂದವರು ಯಾರು, ಯಾರು ಉಳಿದರು, ಯಾರಿಗೆ ಎಷ್ಟು ಮಕ್ಕಳು ಅಂತ ಮೂವತ್ತು ವರ್ಷದ ನಂತರ ಕೂತು ಪಟ್ಟಿ ಮಾಡಿದ್ದಾರೆ. ಹೌಲ್ಯಾಂಡ್ ಜಾನ್ ಟಿಲ್ಲಿಯ ಮಗಳು ಎಲಿಜಬೆತ್‌ಳನ್ನು ಮದುವೆಯಾದ, ಇಬ್ಬರೂ ಬದುಕಿದ್ದಾರೆ, ಹತ್ತು ಮಕ್ಕಳು, ಹತ್ತೂ ಇದ್ದಾರೆ ಎಂದು ಅದರಲ್ಲಿ ಚೊಕ್ಕವಾಗಿ ಇದೆ. ಗಂಡ ಹೆಂಡತಿ ಇಬ್ಬರನ್ನೂ ದಿನಾ ಕಂಡ ಮನುಷ್ಯ ಬರೆದದ್ದು. ಇದಕ್ಕಿಂತ ಸಾಕ್ಷಿ ಏನು ಬೇಕು?

ತೊಂದರೆ ಏನೆಂದರೆ ಆ ಕೈಬರಹವೇ ಕಾಣೆಯಾಗಿತ್ತು. ಬಾಸ್ಟನ್‌ನ ಓಲ್ಡ್ ಸೌತ್ ಚರ್ಚಿನಲ್ಲಿ ಇದ್ದದ್ದು, ಅಮೆರಿಕದ ಕ್ರಾಂತಿಯ ಹೊತ್ತಿಗೆ ಹೇಗೋ ಮಾಯವಾಯಿತು. 1855ರಲ್ಲಿ ಪತ್ತೆಯಾದದ್ದು ಇಂಗ್ಲೆಂಡಿನಲ್ಲಿ, ಲಂಡನ್ ಬಿಷಪ್ಪರ ಫುಲ್ಹಮ್ ಅರಮನೆಯ ಲೈಬ್ರರಿಯಲ್ಲಿ! ಮರುವರ್ಷ ಅಚ್ಚಾಯಿತು. ಮೂಲ ಪ್ರತಿ ಮ್ಯಾಸಚೂಸೆಟ್ಸ್‌ಗೆ ವಾಪಸ್ ಬಂದದ್ದು 1897ರಲ್ಲಿ. ಅಷ್ಟರಲ್ಲಿ ಕಾರ್ವರ್ ಮಗಳ ಕಥೆ ಎಷ್ಟೋ ಮನೆಗಳ ವಂಶವೃಕ್ಷದಲ್ಲಿ ಬೇರು ಬಿಟ್ಟಿತ್ತು.

ಅಜ್ಜಿಗೆ ಇನ್ನೂ ಸಮಾಧಾನವಿಲ್ಲ. ಒಬ್ಬರು ಬರೆದ ಮಾತ್ರಕ್ಕೆ ಆಯಿತಾ ಅಂದರು. ಒಳ್ಳೆ ಪ್ರಶ್ನೆ. ಅದಕ್ಕೆ ಎಲಿಜಬೆತ್ ವಿಲ್ ತೆಗೆದು ತೋರಿಸಿದೆ. ನನಗೆ ತುಂಬಾ ಇಷ್ಟವಾದ ಕಾಗದ ಅದು. 1686ರ ಡಿಸೆಂಬರ್ 17ರಂದು, ಮ್ಯಾಸಚೂಸೆಟ್ಸ್‌ನ ಸ್ವಾನ್ಸಿಯಲ್ಲಿ ಮಗಳು ಲಿಡಿಯಾ ಮನೆಯಲ್ಲಿದ್ದಾಗ ಬರೆಸಿದ್ದು. ದೊಡ್ಡಮಗ ಜಾನ್‌ಗೆ ಐದು ಪೌಂಡು, ಟಿಂಡೇಲ್ ಬರೆದ ಪುಸ್ತಕ, ಒಂದು ಜೊತೆ ಹಾಸುಬಟ್ಟೆ, ದಿಂಬಿನ ಗವಸು, ಕಂಬಳಿ. ಜೋಸೆಫ್‌ಗೆ ತೂಕದ ಕೋಲು, ಅವನಿಗೂ ಒಂದು ಜೊತೆ ಹಾಸುಬಟ್ಟೆ. ನೋಡಿಕೊಂಡ ಲಿಡಿಯಾಗೆ ಚೆನ್ನಾಗಿರೋ ಗರಿಹಾಸಿಗೆ. ಗವಸಿನವರೆಗೆ ಲೆಕ್ಕ ಇಟ್ಟ ಹೆಂಗಸು ತನ್ನ ಅಪ್ಪನ ಹೆಸರು ಮಾತ್ರ ಎಲ್ಲೂ ಹೇಳುವುದಿಲ್ಲ. ಹೇಳುವ ಅಗತ್ಯ ಅವಳಿಗೇನಿತ್ತು!

ಆದರೆ ವಯಸ್ಸು ಹೇಳಿದ್ದಾಳೆ: ಎಪ್ಪತ್ತೊಂಬತ್ತು. ಹಿಂದಕ್ಕೆ ಎಣಿಸಿದರೆ 1607. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನಲ್ಲಿ ಹೆನ್ಲೋ ಅಂತ ಹಳ್ಳಿ ಇದೆ. ಅಲ್ಲಿನ ಚರ್ಚ್ ದಾಖಲೆಯಲ್ಲಿ 1607ರ ಆಗಸ್ಟ್‌ನಲ್ಲಿ ಜಾನ್ ಟಿಲ್ಲಿಯ ಮಗಳು ಎಲಿಜಬೆತ್‌ಗೆ ದೀಕ್ಷಾಸ್ನಾನ ಆಗಿದೆ. ಕಡಲಿನ ಎರಡು ದಡದ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಾಗದ. ಲೆಕ್ಕ ಸರಿಯಾಗಿ ಕೂಡುತ್ತದೆ. ಅಜ್ಜಿ ತಾವೇ ಪೆನ್ನು ಹಿಡಿದು ಕಳೆದು ನೋಡಿದರು.

ಅವಳ ತಾಯಿಯ ತವರಿನ ಹೆಸರೂ ಬಹಳ ಕಾಲ ತಪ್ಪಾಗಿಯೇ ಇತ್ತು. ಹಾಲೆಂಡಿನ ಲೈಡನ್‌ನಲ್ಲಿ ಟಿಲ್ಲಿ ಹೆಸರಿನ ಬೇರೊಬ್ಬನಿದ್ದ. ಅವನ ಹೆಂಡತಿಯನ್ನು ತಂದು ಈ ಜಾನ್‌ಗೆ ಕಟ್ಟಿದ್ದರು. ಹೆನ್ಲೋ ದಾಖಲೆಯ ಪ್ರಕಾರ ತಾಯಿ ಜೋನ್ ಹರ್ಸ್ಟ್. 1596ರಲ್ಲಿ ಟಿಲ್ಲಿಯನ್ನು ಮದುವೆಯಾದಾಗ ಆಕೆ ರಾಜರ್ಸ್ ಎಂಬವನ ವಿಧವೆ. ಹಾಗಾಗಿ ಮದುವೆ ದಾಖಲೆಯ ಹೆಸರನ್ನೇ ತವರಿನ ಹೆಸರು ಅಂತ ತೆಗೆದುಕೊಂಡರೂ ಮುಗ್ಗರಿಸಿದ ಹಾಗೇ. ವಂಶವೃಕ್ಷದಲ್ಲಿ ತಪ್ಪಾಗುವುದೇ ಜಾಸ್ತಿ ಇಂಥ ಕಡೆ. ನಮ್ಮ ಮನೆ ವಂಶವೃಕ್ಷದಲ್ಲಿ ಆ ಭಯವಿಲ್ಲ ಬಿಡಿ. ಅಲ್ಲಿ ಹೆಂಗಸರ ಹೆಸರನ್ನೇ ಬರೆದಿಲ್ಲ, ತಪ್ಪೆಲ್ಲಿಂದ ಬರಬೇಕು?

"ಹಾಗಾದರೆ ನಾವು ಗವರ್ನರ್ ವಂಶದವರಲ್ಲ," ಅಂದರು ಅಜ್ಜಿ. ಬೇಜಾರು ಮುಖದಲ್ಲೇ ಕಾಣುತ್ತಿತ್ತು. ಅಲ್ಲ, ಆದರೆ ಟಿಲ್ಲಿ ಗಂಡ ಹೆಂಡತಿ ಇಬ್ಬರೂ ಅದೇ ಹಡಗಿನಲ್ಲಿ ಬಂದವರು ಅಂದೆ. ಮೊದಲ ಚಳಿಗಾಲದಲ್ಲೇ ಇಬ್ಬರೂ ಸತ್ತರು. ಚಿಕ್ಕಪ್ಪ ಚಿಕ್ಕಮ್ಮನೂ ಉಳಿಯಲಿಲ್ಲ. ಹದಿಮೂರು ವರ್ಷದ ಹುಡುಗಿ ಒಬ್ಬಳೇ ಆದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಬದಲಾಯಿಸು. ದೊಡ್ಡಪ್ಪ ಬೈದರೆ ನಾನು ನೋಡಿಕೊಳ್ಳುತ್ತೇನೆ," ಅಂದರು.

ಕಾರ್ವರ್ ಹೆಸರನ್ನು ಪೂರ್ತಿ ಅಳಿಸಲಿಲ್ಲ. ಟಿಲ್ಲಿ ಅಂತ ಹಾಕಿ, ಕೆಳಗೆ ಟಿಪ್ಪಣಿ ಬರೆದೆವು: ಹಳೆಯ ಪುಸ್ತಕದಲ್ಲಿ ಕಾರ್ವರ್ ಎಂದಿದೆ, ಇಂಥ ಕಾರಣಕ್ಕೆ ಅದು ಸರಿಯಲ್ಲ. ಸುಮ್ನೆ ಅಳಿಸಿಬಿಟ್ಟರೆ ಮುಂದೆ ಯಾರಾದರೂ ದೊಡ್ಡಪ್ಪನ ಪುಸ್ತಕ ನೋಡಿ, ಅಯ್ಯೋ ಇಲ್ಲಿ ತಪ್ಪಾಗಿದೆ ಅಂತ ಮತ್ತೆ ಕಾರ್ವರ್ ಸೇರಿಸುತ್ತಾರೆ. ತಿದ್ದಿದ ಪುಟವನ್ನು ಅವರ ತಮ್ಮನ ಮಕ್ಕಳಿಗೂ ಮೇಲ್ ಮಾಡಿದ್ದಾಯಿತು. ಒಬ್ಬನಿಂದ ಆಗಲೇ ಉತ್ತರ ಬಂದಿದೆ. ಅವನ ಮಗಳ ಹೆಸರು ಕಾರ್ವರ್ ಅಂತೆ.