ಪಿಎಚ್ ಹಿಂದೆ ಬಿದ್ದು ಪಂಪ್ ಕಳ್ಕೊಂಡಿದ್ದು

ಮಡಿಕೇರಿ ಸುತ್ತಮುತ್ತ ಅಕ್ವೇರಿಯಂ ಮೇಂಟೆನೆನ್ಸ್ ಮಾಡೋದು ನನ್ ಕೆಲಸ. ಜಾಸ್ತಿ ಗೋಲ್ಡ್‌ಫಿಶ್ ಟ್ಯಾಂಕೇ, ಹವಳ ಸಾಕೋ ಉಪ್ಪುನೀರಿನ ರೀಫ್ ಟ್ಯಾಂಕ್ ಇರೋದು ಬೆರಳೆಣಿಕೆ ಮನೇಲಿ. ಅದ್ರಲ್ಲೊಂದು ಗಾಳಿಬೀಡು ಕಡೆ ತೋಟದ ಮನೆ, 200 ಲೀಟರ್ ಟ್ಯಾಂಕು. ಕಲ್ಲುಹವಳ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿ ಬರುತ್ತೆ, ನಾನು ಅದನ್ನ ಮುಟ್ಟಲ್ಲ, ಹಾಗಾಗಿ ಅಲ್ಲಿರೋದು ಬರೀ ಸಾಫ್ಟ್ ಕೋರಲ್, ಲೆದರ್, ಮಶ್ರೂಮ್ ಆ ಥರದ್ದು.

ಕಕ್ಕಡ ತಿಂಗಳು, ಮಳೆ ಬಿಡ್ತಾನೇ ಇಲ್ಲ. ಹೋಗಿ ನೋಡಿದ್ರೆ ಪಿಎಚ್ 7.8, ಬೇಸಿಗೇಲಿ 8.2 ಇರ್ತಿತ್ತು. ಪೂರ್ತಿ ನೆನೆದು ಬಂದಿದ್ದೆ, ಕೆಎಚ್ (ನೀರಲ್ಲಿ ಕರಗಿರೋ ಕಾರ್ಬೊನೇಟ್‌ನ ಅಳತೆ) ಟೆಸ್ಟ್ ಮಾಡೋ ತಾಳ್ಮೆ ಇರ್ಲಿಲ್ಲ, ಪಿಎಚ್ ಏರ್ಲಿ ಅಂತ ದಿನಾ 4 ಗ್ರಾಂ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್ ಪುಡಿ) ಕರಗಿಸಿ ಹಾಕಿ ಅಂತ ಓನರ್‌ಗೆ ಹೇಳಿ ಗಾಡಿ ಹತ್ತಿದೆ. 200 ಲೀಟರಿಗೆ ಅಷ್ಟು ಹಾಕಿದ್ರೆ ಕೆಎಚ್ ಹೆಚ್ಚೂಕಮ್ಮಿ 1 ಡಿಗ್ರಿ ಏರುತ್ತೆ. ಕಲ್ಲುಹವಳ ಇದ್ದಿದ್ರೆ ಮೈ ಕಟ್ಕೊಳ್ಳೋಕೆ ಅದನ್ನ ಎಳ್ಕೊಳ್ತಿತ್ತು, ಸಾಫ್ಟ್ ಕೋರಲ್‌ಗೆ ಅದೆಲ್ಲಿ ಬೇಕು, ಹಾಕಿದ್ದೆಲ್ಲಾ ನೀರಲ್ಲೇ ಉಳೀತು.

ವಾರಕ್ಕೆ ಫೋನ್ ಬಂತು, ಪಂಪ್ ತಿರುಗ್ತಿಲ್ಲ, ಲೆದರ್ ಮುದುಡ್ಕೊಂಡಿದೆ ಅಂತ. ಹೋದ್ರೆ ಹೀಟರ್ ಮೇಲೆ ಬೆಳ್ಳಗೆ ಸುಣ್ಣದ ಹೆಕ್ಕಳೆ, ಮರಳಿಗೆ ಕೈ ಹಾಕಿದ್ರೆ ಹೆಂಟೆ ಹೆಂಟೆ. ಬಿಸಿ ಇರೋ ಕಡೆನೇ ಕ್ಯಾಲ್ಸಿಯಂ ಕಾರ್ಬೊನೇಟ್ ಮೊದ್ಲು ಕಟ್ಟೋದು. ಟೆಸ್ಟ್ ಕಿಟ್ ತೆಗ್ದು ಹನಿ ಎಣಿಸ್ತಾ ಹೋದೆ, ನೀಲಿ ಹೋಗಿ ಹಳದಿ ಬರೋ ಹೊತ್ತಿಗೆ ಹದಿಮೂರು ಹನಿ. ಅಂದ್ರೆ 13 ಡಿಗ್ರಿ, ಇರ್ಬೇಕಾಗಿದ್ದು ಎಂಟೋ ಒಂಬತ್ತೋ. ಪಿಎಚ್ ಮಾತ್ರ ಇನ್ನೂ 7.9.

ಆಗ ತಲೆ ಎತ್ತಿ ನೋಡಿದೆ ನೋಡಿ, ಹಾಲ್‌ನ ಕಿಟಕಿ ಒಂದೂ ತೆಗ್ದಿಲ್ಲ, ಟ್ಯಾಂಕ್‌ನಿಂದ ನಾಲ್ಕಡಿ ದೂರದಲ್ಲಿ ಅಗ್ಗಿಷ್ಟಿಕೆ, ಅದ್ರ ಮೇಲೆ ಬಟ್ಟೆ ಒಣಗಿಸೋ ಬುಟ್ಟಿ. ಕೆಂಡದ ಕಾರ್ಬನ್ ಡೈಆಕ್ಸೈಡ್ ಎಲ್ಲಾ ಸ್ಕಿಮ್ಮರ್ (ಗಾಳಿ ಗುಳ್ಳೆ ಬಿಟ್ಟು ನೀರಿನ ಕೊಳೆ ತೆಗೆಯೋ ಮಷೀನು) ಎಳ್ಕೊಂಡು ನೀರಿಗೆ ಬೆರೆಸ್ತಾ ಇತ್ತು, ಅದ್ರಿಂದ ಪಿಎಚ್ ಇಳಿಯುತ್ತೆ, ಆದ್ರೆ ಕೆಎಚ್ ಇದ್ದಲ್ಲೇ ಇರುತ್ತೆ. ಡೌಟ್ ಬೇಡ ಅಂತ ಒಂದು ಲೋಟ ಟ್ಯಾಂಕ್ ನೀರು ಜಗಲಿಗೆ ಒಯ್ದು ಒಂದ್ ಗಂಟೆ ಏರ್ ಪಂಪ್ ಬಿಟ್ಟೆ, 8.4 ತೋರಿಸ್ತು. (ಮುಚ್ಚಿದ ರೂಮಲ್ಲಿ ಕೆಂಡ ಮನುಷ್ಯರಿಗೇ ಡೇಂಜರ್, ಅದನ್ನೂ ಹೇಳ್ದೆ.)

ಸೋಡಾ ನಿಲ್ಲಿಸಿ ವಾರಕ್ಕೆ 20 ಪರ್ಸೆಂಟ್ ನೀರು ಬದಲಾಯಿಸಿದ್ವಿ, ಮೂರು ವಾರಕ್ಕೆ ಕೆಎಚ್ 9ರ ಹತ್ರ ಬಂತು. ಹೆಕ್ಕಳೆ ಕರಗಿಸೋಕೆ ವಿನೆಗರ್ ಕೇಳಿದ್ರೆ ಆ ಮನೆ ಅಜ್ಜಿ ಕಾಚಂಪುಳಿ (ಅಡುಗೆಗೆ ಹಾಕೋ ಕೊಡಗಿನ ಹುಳಿ) ಬಾಟ್ಲಿ ತಂದ್ಬಿಟ್ರು, ಪಂದಿ ಕರಿಗೆ (ಹಂದಿ ಸಾರಿಗೆ) ಇರ್ಲಿ ಅಜ್ಜಿ ಅಂತ ವಾಪಸ್ ಕೊಟ್ಟೆ. ಪಂಪ್ ಉಳೀಲಿಲ್ಲ, ಹೊಸದು ನನ್ ದುಡ್ಡಲ್ಲೇ. ಸ್ಕಿಮ್ಮರ್ ಗಾಳಿ ಪೈಪ್‌ನ ಈಗ ಕಿಟಕಿ ಆಚೆ ಬಿಟ್ಟಿದೀನಿ, ಬಾಯಿ ಕೆಳಗೆ ಮಾಡಿ. ಮೊದಲನೇ ದಿನ ಮೇಲ್ಮುಖ ಇಟ್ಟು ಮಳೆ ನೀರು ಕುಡಿಸಿದ್ದೆ.