ಎರೆ ಹೊಲದ ಮೇಲೆ ಉಪ್ಪು

ಸಿಂಧನೂರು ಕಡೆ ಹೋಗಿದ್ದೆ. ಕಾಲುವೆ ಪಕ್ಕದ ಒಂದು ಹೊಲ ನೋಡಿ ಬೈಕ್ ನಿಲ್ಲಿಸಿದೆ. ಮಣ್ಣಿನ ಮೇಲೆಲ್ಲ ಬೆಳ್ಳಗೆ ಉಪ್ಪಿನ ಪೊರೆ. ಬೆರಳಲ್ಲಿ ಕೆರೆದರೆ ಪುಡಿಪುಡಿಯಾಗಿ ಎದ್ದು ಬರುತ್ತದೆ. ಕೆಳಗೆ ಎರೆಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ಹಸಿಯಾಗೇ ಇದೆ, ಆದರೂ ಒಂದು ಪೈರಿಲ್ಲ. ಬದುವಿನ ಮೇಲೆ ಜಾಲಿ ಮಾತ್ರ.

"ನಮ್ಮಪ್ಪನ ಕಾಲಕ್ಕ ಇದರಾಗ ಜೋಳ ಬೆಳೀತಿದ್ವಿರೀ" ಅಂದರು ಅಲ್ಲಿದ್ದ ಹಿರಿಯರು.

ಈ ಕಾಲುವೆಗೆ ನೀರು ಬರೋದು ತುಂಗಭದ್ರಾ ಅಣೆಕಟ್ಟಿನಿಂದ. ಅದು ಮುಗಿದದ್ದು 1953ರಲ್ಲಿ. ಇಲ್ಲಿನ ಹೆಚ್ಚಿನ ಜಮೀನಿಗೆ ಗೊತ್ತು ಮಾಡಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಆದರೆ ಭತ್ತಕ್ಕೆ ದುಡ್ಡು ಜಾಸ್ತಿ ಅಲ್ವಾ? ಎಲ್ಲರೂ ಭತ್ತಕ್ಕೆ ಇಳಿದರು, ಹೊಲದಲ್ಲಿ ತಿಂಗಳುಗಟ್ಟಲೆ ನೀರು ನಿಂತಿತು. ಎರೆಯಲ್ಲಿ ನೀರು ಬಸಿಯುವುದೇ ನಿಧಾನ. ಅಂತರ್ಜಲ ಮೇಲೇರುತ್ತಾ ಒಳಗಿನ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದ ಮೇಲೆ ಉಪ್ಪು ಅಲ್ಲೇ ಕೂರುತ್ತದೆ.

ರೈತರನ್ನು ಸುಮ್ನೆ ಬೈಯೋಕೆ ನನಗೆ ಮನಸ್ಸಿಲ್ಲ. ಮೇಲಿನವರು ಭತ್ತ ಹಾಕಿದರೆ ತಗ್ಗಿನವನ ಹೊಲ ತಾನಾಗೇ ಜವಳು ಹಿಡಿಯುತ್ತದೆ, ಅಂದರೆ ನೀರು ನಿಂತು ಉಪ್ಪೇರಿ ಕೆಡುತ್ತದೆ. ಅವನೇನು ಮಾಡಬೇಕು? ಕಾಲುವೆ ತೋಡಿದಷ್ಟೇ ಕಾಳಜಿಯಿಂದ ಹೆಚ್ಚಿನ ನೀರು ಹೊರಗೆ ಹರಿಸುವ ಬಸಿಗಾಲುವೆಯನ್ನೂ ತೋಡಬೇಕಿತ್ತು. ನೆಲದಡಿ ತೂತಿನ ಪೈಪ್ ಹೂತು ಉಪ್ಪುನೀರು ಹೊರಗೆ ಬಿಡುವ ದಾರಿ ಇದೆ, ಕೆಲವು ಕಡೆ ಮಾಡಿಯೂ ಇದ್ದಾರೆ. ಆ ಖರ್ಚು ಒಬ್ಬ ರೈತನ ಕೈಗೆ ಎಟುಕುವುದಲ್ಲ. ಸರ್ಕಾರವೇ ಮುಂದೆ ನಿಂತು ಮಾಡಿಸಬೇಕು.